ಅಣ್ಣನ ಕೆಂಪು ಕಾರಿಗೆ ಕಾರ್ಪೆಟ್ ಹಾಕಿಸಿದ್ದು

ನಮ್ಮ ಮನೆಯವರಿಗೆ ಒಂದು ಶಾಪವಿದೆ. ಅಳಬೇಕಾದ ಹೊತ್ತಿಗೆ ಸರಿಯಾಗಿ ನಗು ಬರುವಂಥದ್ದೇನಾದರೂ ನಡೆದುಬಿಡುತ್ತದೆ. ತಾತ ತೀರಿಕೊಂಡ ದಿನ ಮಸಣಕ್ಕೆ ಕರೆಸಿದ್ದ ಬ್ಯಾಂಡ್‌ಸೆಟ್ಟಿನವರು ದಾರಿ ತಪ್ಪಿ ಪಕ್ಕದ ಬೀದಿಯ ಮದುವೆ ಮನೆಯ ಮುಂದೆ ನಿಂತು ಬಾರಿಸಿದ್ದರು. ಹಾಗಾಗಿ ಅಣ್ಣನ ಕಾಯಿಲೆಯೂ ನಮ್ಮನ್ನು ನೆಟ್ಟಗೆ ಅಳಲು ಬಿಡಲಿಲ್ಲವೆಂದರೆ ಆಶ್ಚರ್ಯವೇನಿಲ್ಲ. ಇದರ ಮೊದಲ ಭಾಗವನ್ನು ನನಗೆ ಹೇಳಿದವರು ಅಣ್ಣನ ಹೆಂಡತಿ, ನನ್ನ ಅತ್ತಿಗೆ ಸರೋಜಮ್ಮ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ನಗುತ್ತಿದ್ದಾರೋ ಅಳುತ್ತಿದ್ದಾರೋ ಪಕ್ಕದ ಟೇಬಲ್ಲಿನವರಿಗೆ ಗೊತ್ತಾಗದ ಹಾಗೆ ಹೇಳಿದರು. ಮಿಕ್ಕಿದ್ದಕ್ಕೆಲ್ಲ ನಾನೇ ಸಾಕ್ಷಿ. ನಾನು ದೊಡ್ಡಬಳ್ಳಾಪುರದಲ್ಲಿ ಕಾಲೇಜು ಮಕ್ಕಳಿಗೆ ಪಾಠ ಹೇಳುವವಳು. ಆ ವರ್ಷ ರಜೆ ಸಿಕ್ಕಾಗಲೆಲ್ಲ ಅಣ್ಣನ ಮನೆಯಲ್ಲೇ ಇದ್ದೆ.

ಆಯುಧಪೂಜೆಯ ಸ್ನಾನ

ಅಣ್ಣ ದ್ರಾಕ್ಷಿ ಬೆಳೆಯುತ್ತಿದ್ದ. ನಮ್ಮ ಊರು ಏರ್‌ಪೋರ್ಟಿಗೆ ಹೋಯಿತು. ಪರಿಹಾರ ಬಂದ ಮೇಲೆ ಆವತಿ ಕಡೆ ಒಂದಿಷ್ಟು ಜಮೀನು ತೆಗೆದು, ಮನೆ ಕಟ್ಟಿಸಿ, ಟ್ರ್ಯಾಕ್ಟರ್ ಕೊಂಡ. ಅಲ್ಲಿಗೆ ನಿಲ್ಲಿಸಬಹುದಿತ್ತು. ಬೆಂಗಳೂರಿನಿಂದ ಒಂದು ಹಳೆಯ ಸ್ಪೋರ್ಟ್ಸ್ ಕಾರನ್ನೂ ತಂದ. ಎರಡೇ ಬಾಗಿಲು, ಎರಡೇ ಸೀಟು, ಮೆಣಸಿನಕಾಯಿ ಬಣ್ಣ. ನೆಲಕ್ಕೆ ಎಷ್ಟು ಹತ್ತಿರವೆಂದರೆ ಅದರಲ್ಲಿ ಕೂತರೆ ಪಕ್ಕದಲ್ಲಿ ಹೋಗುವ ನಾಯಿಯನ್ನು ತಲೆಯೆತ್ತಿ ನೋಡಬೇಕು. ಊರಿನ ಪ್ರತಿಯೊಂದು ಹಂಪಿನ ಮೇಲೂ ಅದರ ಹೊಟ್ಟೆ ಉಜ್ಜುತ್ತಿತ್ತು. ಪ್ರತಿ ಸಲವೂ ಅಣ್ಣ ತನ್ನ ಹೊಟ್ಟೆಯೇ ಉಜ್ಜಿದಂತೆ ಮುಖ ಮಾಡುತ್ತಿದ್ದ.

ನಮ್ಮ ಕಡೆ ಆಯುಧಪೂಜೆಗೆ ಗಾಡಿ ತೊಳೆಯುವುದೆಂದರೆ ಎತ್ತಿನ ಮೈ ತೊಳೆದ ಹಾಗೆ. ಬೋರ್‌ವೆಲ್ಲಿನ ಪೈಪು ಹಿಡಿದು ಟ್ರ್ಯಾಕ್ಟರಿನ ಸೀಟು, ಸ್ಟೀರಿಂಗು, ಸಂದಿಗೊಂದಿ ಎಲ್ಲಕ್ಕೂ ನೀರು ಬಿಡುತ್ತಾರೆ. ಆ ವರ್ಷ ಟ್ರ್ಯಾಕ್ಟರ್ ಆಯಿತು, ಟಿಲ್ಲರ್ ಆಯಿತು, ಕೆಂಪು ಕಾರಿನ ಸರದಿ ಬಂತು. ಅಣ್ಣ ಹೊರಮೈ ತೊಳೆದು, ಬನಿಯನ್ ಬಟ್ಟೆಯಲ್ಲಿ ಒರೆಸಿ, ಬೂದುಗುಂಬಳಕಾಯಿ ತರಲು ಹೋದ. ಅವ್ವ ಬಂದು ನೋಡಿದಳು. ಚಪ್ಪಲಿ ಕಾಲಲ್ಲಿ ಹತ್ತಿ ಕೂರುವುದು ಒಳಗೆ, ತೊಳೆಯುವುದು ಹೊರಗೆ, ಇದೆಂಥ ಪೂಜೆ ಎಂದು ಎರಡೂ ಬಾಗಿಲು ತೆಗೆಸಿದಳು. ಪೈಪು ಒಳಗಿಟ್ಟು ಮೋಟಾರ್ ಹಾಕಿಸಿದಳು. ಸೋಪಿನ ಪುಡಿ ಎರಚಿ ತೆಂಗಿನ ನಾರಿನಿಂದ ಕಾರ್ಪೆಟ್ಟನ್ನು ಪಾತ್ರೆ ಉಜ್ಜಿದ ಹಾಗೆ ಉಜ್ಜಿದಳು.

ಟ್ರ್ಯಾಕ್ಟರಿಗೆ ಬಿಟ್ಟ ನೀರು ಕೆಳಗೆ ಹರಿದುಹೋಗುತ್ತದೆ. ಈ ಕಾರು ಕುಡಿಯಿತೇ ಹೊರತು ಬಿಡಲಿಲ್ಲ. ಅಣ್ಣ ವಾಪಸು ಬಂದಾಗ ಅತ್ತಿಗೆ ಒಂದು ಬಾಗಿಲಲ್ಲಿ, ಅವ್ವ ಇನ್ನೊಂದು ಬಾಗಿಲಲ್ಲಿ ಕೂತು ಚೊಂಬಿನಿಂದ ನೀರು ಮೊಗೆದು ಹೊರಗೆ ಚೆಲ್ಲುತ್ತಿದ್ದರು. ಅಣ್ಣ ಕುಂಬಳಕಾಯಿ ಹಿಡಿದುಕೊಂಡೇ ಜಗುಲಿಯ ಮೇಲೆ ಕೂತುಬಿಟ್ಟನಂತೆ.

ಹಬ್ಬ ಮುಗಿದ ಮೇಲೆ ಕಾರನ್ನು ಶೆಡ್ಡಿಗೆ ಸೇರಿಸಿ, ಗಾಜು ಏರಿಸಿ, ಟಾರ್ಪಾಲು ಹೊದಿಸಿದರು. ಅದೇ ಹೊತ್ತಿಗೆ ಅಣ್ಣನಿಗೆ ಹೊಟ್ಟೆನೋವು ಶುರುವಾಯಿತು. ಗ್ಯಾಸ್ ಎಂದರು, ಹುಣ್ಣು ಎಂದರು. ಕೊನೆಗೆ ಬೆಂಗಳೂರಿನ ದೊಡ್ಡಾಸ್ಪತ್ರೆಯವರು ಗೆಡ್ಡೆ ಎಂದು ಹೇಳಿ ಬೇರೆ ಕಡೆ ನೋಡಿದರು. ಕಾರಿನ ನೆನಪು ಯಾರಿಗೂ ಇರಲಿಲ್ಲ. ತಿಂಗಳುಗಳಾದ ಮೇಲೆ ಟಾರ್ಪಾಲು ಸರಿಸಿ ಬಾಗಿಲು ತೆಗೆದರೆ ಒಳಗಿಂದ ಕೊಳೆತ ವಾಸನೆ ಎದೆಗೆ ಗುದ್ದಿದ ಹಾಗೆ ಬಂತು. ಬ್ರೇಕ್ ಪೆಡಲಿನ ಪಕ್ಕ, ಕಾರ್ಪೆಟ್ಟಿನ ಮೇಲೆ, ಬೆಳ್ಳಗೆ ಅಣಬೆಗಳು.

ಅತ್ತಿಗೆ ಕ್ಯಾಂಟೀನಿನಲ್ಲಿ ಸೆರಗು ತೆಗೆದು ಹೇಳಿದರು: "ಅತ್ತೆ ಬಗ್ಗಿ ನೋಡಿ, ಇದು ತಿನ್ನೋ ಜಾತೀದೇ, ಸಾರಿಗಾಗುತ್ತೆ ಅಂದ್ರು ಕಣಮ್ಮ."

ಹುಣಸೆ ಮರ

ಟಾರ್ಪಾಲು ಸರಿಸಿದ್ದಕ್ಕೆ ಕಾರಣವಿತ್ತು. ಅಣ್ಣನಿಗೆ ಆ ಕಾರಿನಲ್ಲಿ ಒಂದು ಕಡೆ ಹೋಗಬೇಕಿತ್ತು.

ನಮ್ಮ ದೊಡ್ಡಪ್ಪನ ಮಗನೂ ಅಣ್ಣನೂ ಒಂದೇ ವರ್ಷ ಹುಟ್ಟಿದವರು. ಒಂದೇ ತಟ್ಟೆಯಲ್ಲಿ ಮುದ್ದೆ ಮುರಿದವರು. ಇಬ್ಬರ ಹೊಲದ ಬದುವಿನ ಮೇಲೆ ಒಂದು ಹುಣಸೆ ಮರವಿತ್ತು. ಅದು ಇರುವಷ್ಟು ಕಾಲ ಯಾರದೆಂದು ಯಾರೂ ಕೇಳಲಿಲ್ಲ. ಏರ್‌ಪೋರ್ಟಿನ ಸರ್ವೆಯವರು ಬಂದು ಮರ ಯಾರದ್ರೀ ಎಂದು ಕೇಳಿದ ದಿನ ಇಬ್ಬರೂ ಒಟ್ಟಿಗೆ ನಂದು ಎಂದರು. ಅಲ್ಲಿಂದ ಮಾತಿಲ್ಲ. ಈಗ ಹೊಲವಿಲ್ಲ, ಬದುವಿಲ್ಲ, ಮರವಿದ್ದ ಜಾಗದಲ್ಲಿ ವಿಮಾನ ಇಳಿಯುತ್ತದೆ. ಜಗಳ ಮಾತ್ರ ಗಟ್ಟಿಮುಟ್ಟಾಗಿ ಇಟ್ಟಲ್ಲೇ ಇದೆ.

ಅಣ್ಣನ ಕಾಯಿಲೆಯ ಸುದ್ದಿ ಅವನಿಗೆ ತಲುಪಿತ್ತು. ಅವನು ಬರಲಿಲ್ಲ. ಕರೆಯದೆ ಹೇಗೆ ಹೋಗಲಿ ಎಂದು ಯಾರ ಹತ್ತಿರವೋ ಅಂದನಂತೆ. ಕರೆದು ಕರೆಸಿಕೊಳ್ಳೋಕೆ ಅವನೇನು ಬೀಗನಾ ಎಂದು ಅಣ್ಣ ಇಲ್ಲಿ ಅಂದ. ನಮ್ಮಲ್ಲಿ ಯಾರು ಮೊದಲು ಯಾರ ಬಾಗಿಲಿಗೆ ಹೋದರು ಎನ್ನುವುದು ಮೂರು ತಲೆಮಾರು ಉಳಿಯುವ ಮಾತು. ಆದರೂ ಅಣ್ಣನಿಗೆ ಅವನನ್ನು ಒಂದು ಸಲ ನೋಡಲೇಬೇಕಿತ್ತು. ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ. ಕೆಂಪು ಕಾರಿನಲ್ಲಿ ಹೋಗಿ, ರಸ್ತೆಯಲ್ಲೇ ನಿಂತು, ಹಾರ್ನ್ ಹೊಡೆದು ಅವನನ್ನು ಹೊರಗೆ ಬರಿಸುತ್ತೇನೆ ಎಂದ. ಗೇಟು ದಾಟುವುದಿಲ್ಲ. ಅವನು ಬಂದರೆ ಅವನೇ ಬಂದ ಹಾಗಾಯಿತು.

ನನ್ನ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದೆ. ನನ್ನದು ಚಿಕ್ಕ ಬಿಳಿ ಕಾರು. ಅಣ್ಣ ಬೇಡವೆಂದು ತಲೆಯಾಡಿಸಿದ. ಬಿಳಿ ಕಾರು ಕಂಡರೆ ಏರ್‌ಪೋರ್ಟ್ ಟ್ಯಾಕ್ಸಿ ಎಂದುಕೊಂಡು ಆಚೆ ಮನೆಯ ವಿಳಾಸ ಹೇಳಿ ಕಳಿಸುತ್ತಾನೆ ಎಂದ.

ಆಗ ಅಣ್ಣನಿಗೆ ಯಾವ ವಾಸನೆಯೂ ಆಗುತ್ತಿರಲಿಲ್ಲ. ಔಷಧಿ ಹಾಗೆ ಮಾಡಿತ್ತು. ಮನೆಯಲ್ಲಿ ಒಗ್ಗರಣೆ ನಿಂತಿತ್ತು, ಊದುಬತ್ತಿ ನಿಂತಿತ್ತು. ಅಂಥವನನ್ನು ಹಿಡಿದುಕೊಂಡು ಹೋಗಿ ಕಾರಿನಲ್ಲಿ ಕೂರಿಸಿದೆವು. ಬಾಗಿಲು ಹಾಕುವುದರೊಳಗೆ ಕುಡಿದಿದ್ದ ಗಂಜಿಯೆಲ್ಲ ಹೊರಗೆ. ಅಣ್ಣ ಬಾಯಿ ಒರೆಸಿಕೊಂಡು ಕಾರಿನ ಕಡೆ ನೋಡಿ, ನನಗಿಂತ ಮೊದಲು ಇದು ಕೊಳೀತಾ ಇದೆಯಲ್ಲ ಎಂದ. ಆಮೇಲೆ, ಯಾರದೋ ಶಿಸ್ತು ತಪ್ಪಿದೆ ಎನ್ನುವ ದನಿಯಲ್ಲಿ, "ಸರದಿ ಪ್ರಕಾರ ಬರಬೇಕು" ಎಂದ.

ಭಾಯಿ ಬಂದದ್ದು

ದೇವನಹಳ್ಳಿಯಲ್ಲಿ ಸೀಟ್ ಕವರ್ ಹೊಲಿಯುವ ಭಾಯಿಯೊಬ್ಬರಿದ್ದರು. ಟ್ಯಾಕ್ಸಿಗಳಿಗೆ ಕವರ್ ಹಾಕಿ ಹಾಕಿ ಅವರಿಗೆ ಬಿಡುವೇ ಇರಲಿಲ್ಲ. ಸ್ಪೋರ್ಟ್ಸ್ ಕಾರು ಎಂದ ಮೇಲೆ ನೋಡುವ ಆಸೆಗೆ ಬಂದರು. ಶೆಡ್ಡಿನ ಬಾಗಿಲಲ್ಲೇ ಕರ್ಚೀಫು ಮೂಗಿಗೆ ಹೋಯಿತು. ಅಣ್ಣ ಜಗುಲಿಯ ಮೇಲೆ ಶಾಲು ಹೊದ್ದು ಕೂತಿದ್ದ.

"ಯಾರು ಹೋಗ್ಬಿಟ್ರು ಸಾರ್ ಇದರಲ್ಲಿ?" ಎಂದು ಭಾಯಿ ಮೆಲ್ಲಗೆ ಕೇಳಿದರು.

"ಇನ್ನೂ ಯಾರೂ ಇಲ್ಲ ಭಾಯಿ," ಎಂದ ಅಣ್ಣ. "ಬುಕ್ ಆಗಿದೆ."

ಭಾಯಿ ನಗಬೇಕೋ ಬೇಡವೋ ಗೊತ್ತಾಗದೆ ಕಾರಿನೊಳಗೆ ತಲೆ ಹಾಕಿದರು. ಕಾರ್ಪೆಟ್ಟಿನ ಅಂಚು ಹಿಡಿದು ಎಳೆದು ನೋಡಿದರು. ಅದು ಅಲ್ಲಾಡಲಿಲ್ಲ. ಈಗಿನ ಕಾರುಗಳಲ್ಲಿ ಕಾರ್ಪೆಟ್ ಸುಮ್ಮನೆ ಹಾಸಿರುತ್ತಾರಂತೆ, ಇದರಲ್ಲಿ ಕೆಳಗಿನ ತಗಡಿಗೇ ಅಂಟಿಸಿಬಿಟ್ಟಿದ್ದಾರೆ. ಕಾರ್ಪೆಟ್ಟಿನ ಕೆಳಗೆ ಸ್ಪಂಜು, ಸ್ಪಂಜಿನ ಹೊಟ್ಟೆಯಲ್ಲಿ ಆಯುಧಪೂಜೆಯ ನೀರು ಇನ್ನೂ ಹಾಗೇ. ಕೀಳುವುದೇ ದೊಡ್ಡ ಕೆಲಸ, ಆಮೇಲೆ ಅಂಟೆಲ್ಲ ಕೆರೆಯಬೇಕು. ಕೆಲಸದವರೆಲ್ಲ ಊರಿಗೆ ಹೋಗಿದ್ದಾರೆ, ಹಬ್ಬ ಮುಗಿಸಿಕೊಂಡು ಮಾಡೋಣ ಎಂದರು.

ಅಣ್ಣ ಹಬ್ಬದ ಹೊತ್ತಿಗೆ ನಾನು ಸಿಗಲಿಕ್ಕಿಲ್ಲ ಎಂದ. ಭಾಯಿ ಒಳ್ಳೆಯ ಮನಸ್ಸಿನಿಂದಲೇ ಕೇಳಿದರು, ಎಲ್ಲಿಗೆ ಸಾರ್, ಫಾರಿನ್ನಾ ಎಂದು. ಅಣ್ಣ ಹೌದೆಂದು ತಲೆಯಾಡಿಸಿದ.

ಭಾಯಿ ಸ್ವಲ್ಪ ಹೊತ್ತು ಅವನ ಶಾಲು, ಮಣಿಕಟ್ಟು ನೋಡಿದರು. ಆಮೇಲೆ ದನಿ ಬದಲಾಯಿತು. ಹಳೆಯದನ್ನು ನೀವೇ ಕಿತ್ತಿಟ್ಟರೆ ಹೊಸದನ್ನು ನಾನೇ ಕೂತು ಕತ್ತರಿಸಿ ಕೊಡುತ್ತೇನೆ, ಆದರೆ ಹರಿಯದ ಹಾಗೆ ಕೀಳಿ, ಅಳತೆಗೆ ನನಗೆ ಅದೇ ಬೇಕು ಎಂದರು. ಹೊರಡುವಾಗ ಅಣ್ಣನ ಕೈ ಹಿಡಿದುಕೊಂಡು, "ಹ್ಯಾಪಿ ಜರ್ನಿ ಸಾರ್" ಎಂದುಬಿಟ್ಟರು.

ಕಳೆ ಕಿತ್ತದ್ದು

ಓದಿದವಳೆಂದು ಈ ಕೆಲಸದ ಉಸ್ತುವಾರಿ ನನಗೆ ಬಂತು. ಇಂಟರ್‌ನೆಟ್ಟಿನಲ್ಲಿ ನೋಡಿದೆ. ಕೂದಲು ಒಣಗಿಸುವ ಮೆಷೀನಿನಿಂದ ಬಿಸಿಗಾಳಿ ಬಿಟ್ಟರೆ ಅಂಟು ಮೆತ್ತಗಾಗುತ್ತದೆ ಎಂದಿತ್ತು. ನನ್ನ ಮಗಳ ಮೆಷೀನು ತಂದೆ. ಆನ್ ಮಾಡಿದ ಕೂಡಲೇ ಕರೆಂಟು ಹೋಯಿತು. ಬೆಸ್ಕಾಂನವರು ಯಾವಾಗ ಕೊಡುತ್ತಾರೋ ಎಂದು ನಾವು ಕೂತಿದ್ದಾಗ ಅವ್ವ ಒಳಗಿಂದ ಅಣ್ಣನ ಬಿಸಿನೀರಿನ ಚೀಲ ತಂದಳು. ಹೊಟ್ಟೆನೋವಿಗೆ ಇಟ್ಟುಕೊಳ್ಳುತ್ತಾನಲ್ಲ, ಆ ರಬ್ಬರ್ ಚೀಲ. ಅದನ್ನು ಕಾರ್ಪೆಟ್ಟಿನ ಮೇಲೆ ಇಟ್ಟು ಒತ್ತಿದರೆ ನಿಜವಾಗಲೂ ಅಂಟು ಬಿಡತೊಡಗಿತು. ಮಧ್ಯಾಹ್ನ ಅಣ್ಣ ನೋವು ಎಂದಾಗ ಅತ್ತಿಗೆ ಗಡಿಬಿಡಿಯಲ್ಲಿ ಅದನ್ನೇ ಒಯ್ದು ಹೊಟ್ಟೆಯ ಮೇಲಿಟ್ಟರು. ತೆಗೆಯಲು ಹೋದರೆ ಚೀಲದ ಜೊತೆ ಶರ್ಟೂ ಬಂತು. ಹೊಟ್ಟೆಯ ಕೂದಲೂ ಸ್ವಲ್ಪ ಬಂತು. ಮೊದಲೇ ಔಷಧಿಗೆ ತಲೆಗೂದಲೆಲ್ಲ ಉದುರಿತ್ತು. ಉಳಿದಿದ್ದೂ ಹೋಯ್ತಾ ಎಂದು ಅಣ್ಣ ಕೇಳಿದ.

ಇಷ್ಟು ಮಾಡಿಯೂ ಅಂಗೈಯಗಲ ಮಾತ್ರ ಎದ್ದಿತ್ತು. ಆಗ ಅತ್ತಿಗೆಗೆ ಒಂದು ಉಪಾಯ ಹೊಳೆಯಿತು. ಹಿಂದಿನ ಹೊಲದಲ್ಲಿ ರಾಗಿ ಪೈರಿಗೆ ಕಳೆ ಕೀಳಲು ಹೆಂಗಸರು ಬಂದಿದ್ದರು. ಅವರನ್ನು ಕರೆದು, ಇಷ್ಟು ಕಿತ್ತುಕೊಡ್ರಮ್ಮ ಎಂದರು. ಹೆಂಗಸರು ಕಳೆ ಕುಡುಗೋಲು ಹಿಡಿದು ಬಂದು ಕಾರಿನ ಎರಡು ಕಡೆಯೂ ಕುಕ್ಕರುಗಾಲಲ್ಲಿ ಕೂತರು. ಒಬ್ಬಳ ನಾದಿನಿಯ ಗಂಡ ಪಿಲ್ಲಗುಂಪೆ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರನ ಜೊತೆ ಕುಸ್ತಿ ಮಾಡಿಕೊಂಡ ಕತೆ ಹೇಳುತ್ತಾ ಹೇಳುತ್ತಾ ಅಂಚಿನಿಂದ ಅಂಚಿಗೆ ಸಾಲು ಹಿಡಿದರು. ನನಗೆ ಬಹಳ ಸಂತೋಷವಾಯಿತು. ಹರಿಯದ ಹಾಗೆ ಕೀಳಬೇಕು ಎಂದು ಹೇಳಿ, ಅವರಿಗೆ ಕಾಫಿ ಮಾಡಿಸಲು ಒಳಗೆ ಹೋದೆ.

ಹೊರಗೆ ಬಂದಾಗ ಕಾರಿನ ಒಳಗೆ ಬರೀ ತಗಡು, ಒಂದೆಳೆ ನಾರೂ ಇಲ್ಲ. ಕಾರ್ಪೆಟ್ಟು ಚಿಂದಿ ಚಿಂದಿಯಾಗಿ ಒಂದು ಗುಡ್ಡೆ. ಅದರ ಪಕ್ಕ ಹಳದಿ, ಹಸಿರು, ಕೆಂಪು ವೈರುಗಳದ್ದು ಒಂದು ಕಟ್ಟು, ಬದುವಿನ ಮೇಲೆ ಕಳೆ ಇಟ್ಟ ಹಾಗೆ ತಲೆ ಒಂದು ಕಡೆ ಮಾಡಿ ಅಚ್ಚುಕಟ್ಟಾಗಿ ಇಟ್ಟಿದ್ದರು.

ಗುಂಪಿನ ಹಿರಿಯಳು ಕೈ ಒರೆಸಿಕೊಂಡು ನನಗೆ ಧೈರ್ಯ ಹೇಳಿದಳು: "ಬೇರು ಸಮೇತ ಕಿತ್ತಿದ್ದೀವಿ ಕಣಕ್ಕಾ. ಇನ್ನು ಬೆಳೆಯಲ್ಲ."

ಇಲ್ಲಿ ಕತ್ತರಿಸಿ

ಎಲೆಕ್ಟ್ರಿಕ್ ಕೆಲಸದವರೊಬ್ಬರು ಬಂದು, ಹರಿದ ವೈರುಗಳಲ್ಲಿ ಗುರುತು ಸಿಕ್ಕಷ್ಟನ್ನು ಜೋಡಿಸಿದರು. ಎಂಜಿನ್ ಸ್ಟಾರ್ಟ್ ಆಗುತ್ತದೆ, ಹಾರ್ನಿನ ಆಸೆ ಬಿಡಿ ಎಂದರು. ಅದಕ್ಕಿಂತ ದೊಡ್ಡ ತೊಂದರೆ ಅಳತೆಯದು. ಚಿಂದಿಯಾದ ಕಾರ್ಪೆಟ್ಟಿನಿಂದ ಭಾಯಿ ಏನು ಅಳತೆ ತೆಗೆಯುತ್ತಾರೆ? ನ್ಯೂಸ್‌ಪೇಪರ್ ಹಾಸಿ ನೋಡಿದೆವು. ಗೇರಿನ ಕೆಳಗಿನ ಉಬ್ಬಿನ ಮೇಲೆ ಮಡಿಸಿದರೆ ಹರಿಯುತ್ತದೆ. ಗಟ್ಟಿಯಾಗಿರಬೇಕು, ಬಾಗಲೂ ಬೇಕು.

ಅಣ್ಣ ಜಗುಲಿಯಿಂದಲೇ ನೋಡುತ್ತಿದ್ದವನು ಅತ್ತಿಗೆಗೆ ಒಳಗಿಂದ ಆಸ್ಪತ್ರೆಯ ದೊಡ್ಡ ಕವರು ತರಲು ಹೇಳಿದ. ಅದರಲ್ಲಿ ಅವನ ಸ್ಕ್ಯಾನಿಂಗ್ ಫಿಲಮ್ಮುಗಳಿದ್ದವು, ಕಪ್ಪಗೆ, ದೊಡ್ಡದಾಗಿ, ಬಾಗಿಸಿದರೆ ಬಾಗುವಂಥವು. ಅತ್ತಿಗೆ ಬೇಡ ಎಂದರು. ಅವುಗಳಲ್ಲಿ ಇರೋದೇನು ಅಂತ ನಮಗೆಲ್ಲ ಗೊತ್ತಾಗಿದೆಯಲ್ಲ, ಇನ್ಯಾಕೆ ಎಂದ ಅಣ್ಣ.

ಹಾಗೆ ಅಣ್ಣನ ಹೊಟ್ಟೆ ಕಾರಿನ ತಳಕ್ಕೆ ಅಳತೆಯಾಯಿತು. ಭಾಯಿ ಬಂದು ಫಿಲಮ್ಮುಗಳನ್ನು ಟೇಪಿನಲ್ಲಿ ಜೋಡಿಸಿ, ಅಂಚು ಕತ್ತರಿಸಿ, ಬಿಳಿ ಮಾರ್ಕರಿನಲ್ಲಿ ಗುರುತು ಹಾಕಿ ಅಂಗಡಿಗೆ ಒಯ್ದರು. ಅಳತೆ ತೆಗೆದುಕೊಂಡ ಮೇಲೆ ಮರ್ಯಾದಸ್ಥರಾಗಿ ಟೇಪು ಬಿಡಿಸಿ ವಾಪಸು ಕಳಿಸಿದರು. ಅತ್ತಿಗೆ ಅವನ್ನು ಅದೇ ಕವರಿನಲ್ಲಿ ಹಾಕಿಟ್ಟರು.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ದೊಡ್ಡ ಡಾಕ್ಟರು ಹಳೆಯ ಸ್ಕ್ಯಾನ್ ಕೊಡಿ, ಹೊಸದರ ಜೊತೆ ಇಟ್ಟು ನೋಡಬೇಕು ಎಂದರು. ಅತ್ತಿಗೆ ಬಿಳಿಚಿಕೊಂಡು ಕವರು ಕೊಟ್ಟರು. ಡಾಕ್ಟರು ಫಿಲಮ್ಮನ್ನು ಬೆಳಕಿಗೆ ಸಿಕ್ಕಿಸಿದರು. ಒಂದು ಮೂಲೆ ಅರ್ಧಚಂದ್ರದ ಹಾಗೆ ಕತ್ತರಿಸಿತ್ತು. ನಟ್ಟನಡುವೆ, ಗೆಡ್ಡೆ ಇರುವ ಜಾಗದಲ್ಲೇ, ಬಿಳಿ ಗೆರೆ ಎಳೆದು ಬಾಣದ ಗುರುತು ಹಾಕಿ 'ಇಲ್ಲಿ ಕತ್ತರಿಸಿ' ಎಂದು ಬರೆದಿತ್ತು.

ಡಾಕ್ಟರು ಕನ್ನಡಕ ತೆಗೆದರು, ಹಾಕಿದರು. ಬೇರೆ ಕಡೆ ತೋರಿಸಿದ್ರಾ, ಯಾವ ಸರ್ಜನ್ ಬರೆದಿದ್ದು ಇದು ಎಂದು ಕೇಳಿದರು. ದೇವನಹಳ್ಳಿ ಸೀಟ್ ಕವರ್ ಭಾಯಿ ಎಂದು ನಾನೇ ಹೇಳಬೇಕಾಯಿತು. ಯಾಕೆ, ಏನು ಎಂದು ವಿವರಿಸಿದೆ. ಅವರು ನಗಲಿಲ್ಲ. ಬಹಳ ಹೊತ್ತು ಫಿಲಮ್ಮನ್ನೇ ನೋಡಿದರು.

"ಜಾಗ ಸರಿಯಾಗೇ ಗುರುತು ಮಾಡಿದ್ದಾರೆ," ಎಂದರು ಕೊನೆಗೆ. "ಆದರೆ ನಾವು ಕತ್ತರಿಸೋ ಹಂತ ದಾಟಿದ್ದೀವಿ."

ಅತ್ತಿಗೆ ನನ್ನ ಕೈ ಹಿಡಿದುಕೊಂಡರು. ಅಣ್ಣ ಮಾತ್ರ ಡಾಕ್ಟರಿಗೇ ಸಮಾಧಾನ ಹೇಳಿದ: "ಪರವಾಗಿಲ್ಲ ಸಾರ್. ಭಾಯಿ ಕತ್ತರಿಸಿ ಆಗಿದೆ. ನಾಳೆ ಫಿಟ್ಟಿಂಗು."

ಗ್ಯಾರಂಟಿ

ಫಿಟ್ಟಿಂಗಿನ ದಿನ ಭಾಯಿ ಹೊಸ ಬೂದು ಬಣ್ಣದ ಕಾರ್ಪೆಟ್ ತಂದರು. ತಗಡಿಗೆ ಬಳಿಯಲು ಸೊಲ್ಯೂಷನ್ನಿನ ಡಬ್ಬ ತೆರೆದರು. ಆ ಘಾಟು ಜಗುಲಿಗೆ ಬಂದ ಕೂಡಲೇ ಅಣ್ಣ ಬೇಸಿನ್ ಕೇಳಿದ. ಡಬ್ಬ ಮುಚ್ಚಿಸಿದೆವು. ಬಾಗಿಲು ತೆರೆದಿಟ್ಟರೆ ವಾಸನೆ ಹೋಗಲು ಎಷ್ಟು ದಿನ ಬೇಕು ಎಂದು ಕೇಳಿದೆವು. ಭಾಯಿ ಹೇಳಿದ್ದನ್ನು ಕೇಳಿ ಎಲ್ಲರೂ ಮನಸ್ಸಿನಲ್ಲೇ ಲೆಕ್ಕ ಹಾಕಿದೆವು.

ಅಂಟು ಬೇಡ, ಹಾಗೇ ಹಾಸಿಬಿಡಿ ಎಂದ ಅಣ್ಣ.

ಭಾಯಿಗೆ ಅವಮಾನವಾಯಿತು. ಅಂಟಿಸದೆ ಹಾಸಿದರೆ ಅದು ಕಾರ್ಪೆಟ್ಟಲ್ಲ, ಚಾಪೆ, ಜಾರುತ್ತೆ, ಮುದುರುತ್ತೆ, ಇದಕ್ಕೆ ನಾನು ಗ್ಯಾರಂಟಿ ಕೊಡೋಕಾಗಲ್ಲ ಎಂದರು.

"ನನಗೂ ಯಾರೂ ಕೊಟ್ಟಿಲ್ಲ ಭಾಯಿ," ಎಂದ ಅಣ್ಣ.

ಬ್ರೇಕು

ಭಾನುವಾರ ಬೆಳಿಗ್ಗೆ ಹೊರಟೆವು. ಎರಡೇ ಸೀಟಾದ್ದರಿಂದ ಅತ್ತಿಗೆ ಬರುವ ಹಾಗಿರಲಿಲ್ಲ. ಡ್ರೈವಿಂಗ್ ಬರುವವಳು ನಾನೊಬ್ಬಳೇ. ಅಣ್ಣನನ್ನು ಇಬ್ಬರು ಎತ್ತಿ, ಗೂಡಿಗೆ ಕೋಳಿ ಬಿಟ್ಟ ಹಾಗೆ ಒಳಗೆ ಬಿಟ್ಟರು. ಇಸ್ತ್ರಿ ಶರ್ಟು, ಬೋಳು ತಲೆಗೆ ಟೋಪಿ. ಕಾರಿನಲ್ಲಿ ಕೊಳೆತ ವಾಸನೆಯಾಗಲಿ ಅಂಟಿನ ಘಾಟಾಗಲಿ ಇರಲಿಲ್ಲ. ಅಣ್ಣ ಮೂಗಿನಿಂದ ದೀರ್ಘವಾಗಿ ಉಸಿರೆಳೆದು, ಹೊಸ ಬಟ್ಟೆ ಅಂಗಡಿ ಇದ್ದ ಹಾಗಿದೆ ಎಂದ. ಅವನು ಉಸಿರೆಳೆದು ಖುಷಿಪಟ್ಟಿದ್ದನ್ನು ನೋಡಿ ಎಷ್ಟೋ ದಿನವಾಗಿತ್ತು.

ಹಾರ್ನಿಲ್ಲದ್ದಕ್ಕೆ ಹೊಸ ಏರ್ಪಾಟು ಮಾಡಿದ್ದ. ನಾನು ಗೇಟಿನ ಆಚೆ, ಸರ್ಕಾರಿ ರಸ್ತೆಯ ಮೇಲೆ ನಿಲ್ಲಿಸಬೇಕು. ಎಂಜಿನ್ ಗುರ್ ಎನ್ನಿಸಬೇಕು. ಅವನು ಹೊರಗೆ ಬರುವವರೆಗೂ ನಿಲ್ಲಿಸಬಾರದು. ಒಂದು ಅಡಿಯೂ ಒಳಗೆ ಹೋಗಬಾರದು. ಇದನ್ನು ದಾರಿಯುದ್ದಕ್ಕೂ ಹೇಳಿದ.

ದೊಡ್ಡಪ್ಪನ ಮಗನ ಮನೆ ಹೈವೇಯ ಆಚೆ ಬದಿಗೆ. ರಸ್ತೆಯಿಂದ ಅಂಗಳಕ್ಕೆ ಇಳಿಜಾರು. ಗೇಟು ತೆರೆದೇ ಇತ್ತು. ನಾನು ಸರಿಯಾಗಿ ಗೇಟಿನ ಎದುರಿಗೆ ತಿರುಗಿಸಿ ಬ್ರೇಕ್ ಒತ್ತಿದೆ. ಪೆಡಲು ಇಳಿಯಲಿಲ್ಲ. ಅಂಟಿಲ್ಲದ ಕಾರ್ಪೆಟ್ಟು ನನ್ನ ಹಿಮ್ಮಡಿಯ ಜೊತೆ ಜಾರಿ, ಮುದುರಿ, ಪೆಡಲಿನ ಅಡಿಯಲ್ಲಿ ಹೋಗಿ ಕೂತಿತ್ತು. ಕಾರು ಸಾವಕಾಶವಾಗಿ, ಹಬ್ಬಕ್ಕೆ ಬಂದ ನೆಂಟರ ಹಾಗೆ, ಗೇಟು ದಾಟಿತು. ರಂಗೋಲಿಯ ಮೇಲೆ ಹೋಯಿತು. ಅಣ್ಣ ಎರಡೂ ಕೈಯಲ್ಲಿ ಹ್ಯಾಂಡ್‌ಬ್ರೇಕ್ ಎಳೆಯುವಷ್ಟರಲ್ಲಿ ಮುಂಭಾಗವೆಲ್ಲ ರಾಗಿ ಹುಲ್ಲಿನ ಮೆದೆಯೊಳಗೆ ನುಗ್ಗಿ ನಿಂತಿತು.

"ಎಲ್ಲಿಗೆ ಬಂದ್ವಿ?" ಎಂದ ಅಣ್ಣ. ಗಾಜಿನ ತುಂಬ ಹುಲ್ಲು.

"ಒಳಗೆ."

"ರಿವರ್ಸ್ ತಗೋ. ಅವನು ನೋಡೋ ಮುಂಚೆ ತಗೋ."

ಎಂಜಿನ್ ಆರಿಹೋಗಿತ್ತು, ಮತ್ತೆ ಹತ್ತಲಿಲ್ಲ. ದೊಡ್ಡಪ್ಪನ ಮಗ ಜಗುಲಿಯ ಮೇಲೆ ಕನ್ನಡಿ ಇಟ್ಟುಕೊಂಡು ಗಡ್ಡ ಹೆರೆಯುತ್ತಿದ್ದ. ಅರ್ಧ ಮುಖಕ್ಕೆ ಸೋಪಿನ ನೊರೆ. ಹಾಗೇ ಎದ್ದು, ರೇಜರ್ ಹಿಡಿದುಕೊಂಡೇ ಬಂದು ಕಾರಿನ ಪಕ್ಕ ನಿಂತ. ನಿಂತವನಿಗೆ ಕಾಣಿಸುವುದು ಕಾರಿನ ಮಾಳಿಗೆ ಮಾತ್ರ. ಒಳಗಿದ್ದ ನಮಗೆ ಕಾಣಿಸುತ್ತಿದ್ದುದು ಅವನ ಪಂಚೆ ಮಾತ್ರ. ಅವನ ಹೆಂಡತಿ ಬಾಗಿಲಿಗೆ ಬಂದು ನಿಂತರು. ಅಣ್ಣ ಇಳಿಯಲಾರ ಎಂದು ಅವನಿಗೆ ಗೊತ್ತಿಲ್ಲ, ಇಳಿಯಲೊಲ್ಲ ಎಂದುಕೊಂಡ.

"ಇಳಿಯಲ್ವೇನ್ಲಾ?" ಎಂದು ಮಾಳಿಗೆಯನ್ನು ಕೇಳಿದ.

"ಇಲ್ಲ ಕಣೋ," ಎಂದು ಅಣ್ಣ ಪಂಚೆಗೆ ಹೇಳಿದ.

ಅವನು ಒಂದು ಕೈ ಮಾಳಿಗೆಯ ಮೇಲಿಟ್ಟು ಬಗ್ಗಿದ. ಅಷ್ಟು ಸಾಲಲಿಲ್ಲ. ಇನ್ನೂ ಬಗ್ಗಿದ. ಕೊನೆಗೆ ಮಂಡಿ ಹಿಡಿದುಕೊಂಡು, ನರಳುತ್ತಾ, ನೆಲಕ್ಕೆ ಕುಕ್ಕರಿಸಿದ. ಆಗ ಕಿಟಕಿಯಲ್ಲಿ ಆ ಅರ್ಧ ನೊರೆಯ ಮುಖ ಕಾಣಿಸಿತು. ಅವನಿಗೆ ಅಣ್ಣನ ಮುಖ ಕಾಣಿಸಿತು.

ಅಷ್ಟರಲ್ಲಿ ತಲೆಯ ಮೇಲೆ ವಿಮಾನ ಬಂತು. ನಮ್ಮ ಕಡೆ ವಿಮಾನ ಬಂದರೆ ಆಡುತ್ತಿದ್ದ ಮಾತು ನಿಲ್ಲಿಸಿ, ಅದು ಹೋಗುವವರೆಗೂ ಕಾದು, ಮುಂದುವರಿಸುವುದು ಎಲ್ಲರಿಗೂ ರೂಢಿ. ಅವರಿಬ್ಬರೂ ಕಾದರು. ಒಬ್ಬರನ್ನೊಬ್ಬರು ನೋಡುತ್ತಾ ಕಾದರು. ವಿಮಾನ ಇಳಿದು ಸದ್ದು ಅಡಗಿದ ಮೇಲೆ ಅವನೇ ಮೊದಲು ಬಾಯಿ ಬಿಟ್ಟ.

"ಇಷ್ಟು ಸಣ್ಣಗಾಗ್ಬಿಟ್ಟಿದ್ದೀಯಲ್ಲೋ."

"ಕಾರೂ ಸಣ್ಣದು ಕಣೋ."

"ಮರ ನಿಂದೇ ಅಂತ ಇಟ್ಕೋ," ಎಂದ ಅವನು.

"ಬೇಡ. ನೀನೇ ಇಟ್ಕೋ," ಎಂದ ಅಣ್ಣ. "ಹೋಗಿ ಹಣ್ಣು ಉದುರಿಸ್ಕೋ. ವಿಮಾನ ನೋಡ್ಕೊಂಡು ಹತ್ತು."

ಅವನಿಗೆ ನಗು ಬಂತು. ನಕ್ಕು ಏಳಲು ಹೋದ, ಮಂಡಿ ಹಿಡಿದುಕೊಂಡುಬಿಟ್ಟಿತ್ತು. ಬಾಗಿಲು ಹಿಡಿದು ಎದ್ದರೆ ಬಾಗಿಲು ತೆರೆದುಕೊಂಡಿತು, ಅವನು ಹಿಂದಕ್ಕೆ ಕೂತ. ಅಣ್ಣ ಅವನನ್ನು ಎತ್ತಲೆಂದು ಕೈ ಕೊಟ್ಟ. ಎದ್ದು ಕೂರಲೂ ತ್ರಾಣವಿಲ್ಲದವನು ನೆಲದ ಮೇಲಿರುವವನನ್ನು ಎತ್ತುತ್ತಾನೆ! ನಾನು, ಅವನ ಹೆಂಡತಿ ಇಬ್ಬರೂ ಸೇರಿ ಒಮ್ಮೆ ಇವನನ್ನು ಹೊರಕ್ಕೆ, ಒಮ್ಮೆ ಅವನನ್ನು ಮೇಲಕ್ಕೆ ಎಳೆದು ನೋಡಿದೆವು. ಒಬ್ಬನೂ ಬರಲಿಲ್ಲ. ಕೊನೆಗೆ ಬಿಟ್ಟು ಒಳಗೆ ಹೋಗಿ ಮಜ್ಜಿಗೆ ಮಾಡಿದೆವು. ಅಣ್ಣ ಕಾರಿನಲ್ಲಿ, ಅವನು ಕಾರಿಗೆ ಒರಗಿ ಅಂಗಳದ ಮಣ್ಣಿನಲ್ಲಿ, ಅರ್ಧ ಗಡ್ಡದಲ್ಲೇ, ಬಿಸಿಲೇರುವವರೆಗೂ ಮಾತಾಡಿದರು. ಏನು ಮಾತಾಡಿದರೋ. ನಾನು ಹತ್ತಿರ ಹೋದಾಗಲೆಲ್ಲ ಇಬ್ಬರೂ ನಿಲ್ಲಿಸುತ್ತಿದ್ದರು, ನಾನೂ ಒಂದು ವಿಮಾನವೆಂಬಂತೆ.

ಹಳ್ಳಿಯವರು ಬಂದು ಕಾರನ್ನು ಹಿಂದಕ್ಕೆ ತಳ್ಳಿ ಸ್ಟಾರ್ಟ್ ಮಾಡಿಕೊಟ್ಟರು. ಕಾರ್ಪೆಟ್ಟನ್ನು ಕಿತ್ತು ಹಿಂದೆ ಎಸೆದು ಬರಿ ತಗಡಿನ ಮೇಲೆ ಕಾಲಿಟ್ಟು ಓಡಿಸಿದೆ. ಅಣ್ಣ ಕಣ್ಣು ಮುಚ್ಚಿಕೊಂಡಿದ್ದ. ನಿದ್ದೆ ಬಂತೇನೋ ಎಂದುಕೊಂಡೆ.

"ನೋಡಿದೆ ತಾನೆ?" ಎಂದ. "ಅವನೇ ಬಗ್ಗಿದ್ದು. ನಾಳೆ ನಾನಿಲ್ಲದಾಗ ಬೇರೆ ಹೇಳ್ತಾನೆ. ನೀನು ಓದಿದವಳು, ನಾಲ್ಕು ಜನಕ್ಕೆ ಸರಿಯಾಗಿ ಹೇಳು."

ಅಣ್ಣ ಹಬ್ಬದವರೆಗೆ ಇರಲಿಲ್ಲ. ಹೆಣಕ್ಕೆ ಮೊದಲು ಹೆಗಲು ಕೊಟ್ಟವನು ದೊಡ್ಡಪ್ಪನ ಮಗನೇ. ಮಂಡಿನೋವು ಎಂದರೂ ಬಿಡಲಿಲ್ಲ, ಗುಂಡಿಯವರೆಗೂ ಹೊತ್ತ. ತಿಥಿಯ ದಿನ ಊಟದ ಪಂಕ್ತಿಯಲ್ಲಿ ಕೂತು, ಕಣ್ಣೊರೆಸಿಕೊಳ್ಳುತ್ತಾ, ಎಡಗಡೆಯವರಿಗೂ ಬಲಗಡೆಯವರಿಗೂ ಹೇಳುತ್ತಿದ್ದ: ಎಷ್ಟೇ ಆಗಲಿ, ಕೊನೆಗೆ ಅವನೇ ನನ್ನ ಬಾಗಿಲಿಗೆ ಬಂದ, ಗೇಟು ದಾಟಿ ಒಳಗೇ ಬಂದ. ಈಗಲೂ ಹೇಳುತ್ತಿದ್ದಾನೆ. ಅವನಿಗೆ ಮೊಪೆಡ್ ಇದೆ, ಬಿಡುವೂ ಇದೆ; ದೇವನಹಳ್ಳಿಯಿಂದ ಹೊಸಕೋಟೆಯವರೆಗೆ ಆ ಮಾತು ಹೋಗಿದೆ. ನನಗಿರುವುದು ಇಷ್ಟು ಕಾಗದ. ಆದ್ದರಿಂದ ಇದನ್ನು ಓದಿದವರು, ಆ ಕಡೆಯವರು ಯಾರಾದರೂ ಸಿಕ್ಕರೆ ದಯವಿಟ್ಟು ಹೇಳಿ. ಕಾರು ಒಳಗೆ ಹೋಗಿದ್ದು ಬ್ರೇಕ್ ಹಿಡಿಯದೆ. ಬಗ್ಗಿದ್ದು ಅವನೇ.